ನಮ್ಮ ಪಾಸ್‌ವರ್ಡೇ ಕಳುವಾದರೂ ಬ್ಯಾಕಪ್ ಉಳಿಯುತ್ತದಾ? ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಬಳಸಿದ ಮೇಲೆ

ಬ್ಯಾಕಪ್ ಸಾಫ್ಟ್‌ವೇರ್ ಮಾರಲು ಬರುವವರು ಮೊದಲು ತೋರಿಸುವುದು ಡ್ಯಾಶ್‌ಬೋರ್ಡ್. ಎಲ್ಲ ಹಸಿರು, ಎಲ್ಲ ಸಕ್ಸಸ್. ನಾನು ಅವರನ್ನು ಕೇಳುವುದು ಒಂದೇ: ನಮ್ಮ ಅಡ್ಮಿನ್ ಪಾಸ್‌ವರ್ಡ್ ಬೇರೆಯವರ ಕೈಗೆ ಸಿಕ್ಕಿದರೆ ಈ ಬ್ಯಾಕಪ್ ಅಳಿಸಲು ಆಗುತ್ತದಾ? ಆಗುತ್ತದೆ ಅಂದರೆ ಉಳಿದ ಫೀಚರ್ ಪಟ್ಟಿ ನನಗೆ ಬೇಡ. ಹತ್ತಾರು ಆಫೀಸುಗಳ ಸರ್ವರ್ ನೋಡಿಕೊಳ್ಳುವ ನಮ್ಮಂಥ ಸಣ್ಣ ಐಟಿ ಸರ್ವಿಸ್‌ನವರು ಇದನ್ನು ಕೇಳಲೇಬೇಕು. ಯಾಕೆಂದರೆ ಅಕ್ಕಿ ಗಿರಣಿ, ಸಿಎ ಆಫೀಸು, ಪತ್ತಿನ ಸಹಕಾರಿ ಸಂಘ, ನರ್ಸಿಂಗ್ ಹೋಮ್, ಎಲ್ಲರ ಬೀಗದ ಕೈಯೂ ನಮ್ಮ ಸೊಂಟದ ಒಂದೇ ಗೊಂಚಲಿನಲ್ಲಿ ಇರುತ್ತದೆ.

ಇದು ಸುಮ್ನೆ ಹೆದರಿಸುವ ಮಾತಲ್ಲ. 2021ರ ಜುಲೈ 2ರಂದು ಕಸೇಯಾ ವಿಎಸ್‌ಎ ಅನ್ನುವ ರಿಮೋಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಮೂಲಕವೇ ರೆವಿಲ್ ಅನ್ನುವ ಹ್ಯಾಕರ್ ಗುಂಪು ರಾನ್ಸಮ್‌ವೇರ್ (ಡೇಟಾಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಹರಡಿತು. ನೇರವಾಗಿ ಪೆಟ್ಟು ಬಿದ್ದದ್ದು ಸುಮಾರು 60 ಸರ್ವಿಸ್ ಕಂಪನಿಗಳಿಗೆ, ಆದರೆ ಅವರನ್ನು ನಂಬಿಕೊಂಡಿದ್ದ ಸಾವಿರಕ್ಕೂ ಹೆಚ್ಚು ಸಣ್ಣ ವ್ಯಾಪಾರಗಳು ಒಂದೇ ವಾರಾಂತ್ಯದಲ್ಲಿ ನಿಂತು ಹೋದವು. ಸ್ವೀಡನ್ನಿನಲ್ಲಿ ಕೂಪ್ ಅನ್ನುವ ದಿನಸಿ ಅಂಗಡಿಗಳ ಸರಪಳಿ ಬಾಗಿಲು ಹಾಕಬೇಕಾಯಿತು, ಕ್ಯಾಶ್ ಕೌಂಟರ್ ಕೆಲಸ ಮಾಡಲಿಲ್ಲ ಅಂತ. ಇದಕ್ಕಿಂತ ನನ್ನನ್ನು ಕಾಡುವುದು ಡೆನ್ಮಾರ್ಕಿನ ಕ್ಲೌಡ್‌ನಾರ್ಡಿಕ್ ಪ್ರಕರಣ. 2023ರ ಆಗಸ್ಟ್ 18ರಂದು ಅವರ ಸರ್ವರ್‌ಗಳ ಜೊತೆ ಬ್ಯಾಕಪ್ ವ್ಯವಸ್ಥೆಯೂ ಎನ್‌ಕ್ರಿಪ್ಟ್ ಆಯಿತು, ಅಂದರೆ ಕೀ ಇಲ್ಲದೆ ಓದಲು ಬಾರದ ಹಾಗಾಯಿತು. ಒಂದು ಡೇಟಾ ಸೆಂಟರ್‌ನಿಂದ ಇನ್ನೊಂದಕ್ಕೆ ಮೆಷಿನ್ ಸಾಗಿಸುವಾಗ, ಮೊದಲೇ ವೈರಸ್ ಹೊಕ್ಕಿದ್ದ ಸರ್ವರ್‌ಗಳು ಒಳಗಿನ ನೆಟ್‌ವರ್ಕಿಗೆ ಸೇರಿದವು, ಅಲ್ಲಿಂದ ದಾಳಿಕೋರರು ಅಡ್ಮಿನ್ ಸಿಸ್ಟಮ್‌ಗೂ ಬ್ಯಾಕಪ್‌ಗೂ ದಾರಿ ಮಾಡಿಕೊಂಡರು. ಹೆಚ್ಚಿನ ಕಸ್ಟಮರ್‌ಗಳ ಡೇಟಾ ಹೋಗಿದೆ ಅಂತ ಕಂಪನಿಯೇ ಹೇಳಿತು. ಬ್ಯಾಕಪ್ ಇರಲಿಲ್ಲ ಅಂತಲ್ಲ. ಇತ್ತು. ಕಳ್ಳನ ಕೈಗೆ ಎಟುಕುವ ಜಾಗದಲ್ಲಿ ಇತ್ತು.

ಈ ಅಳತೆಗೋಲು ಹಿಡಿದು ನಾನು ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಬಗ್ಗೆ ಬರೆಯುತ್ತಿದ್ದೇನೆ. ಇಲ್ಲಿಂದ ಮುಂದೆ ಪಿಬಿಎಸ್ ಅನ್ನುತ್ತೇನೆ. ವಿಯೆನ್ನಾದ ಪ್ರಾಕ್ಸ್‌ಮಾಕ್ಸ್ ಕಂಪನಿಯದ್ದು, ಮೊದಲ ಸ್ಥಿರ ಆವೃತ್ತಿ 2020ರ ನವೆಂಬರ್‌ನಲ್ಲಿ ಬಂತು. ಡೆಬಿಯನ್ ಲಿನಕ್ಸ್ ಮೇಲೆ ಓಡುತ್ತದೆ, ಹೆಚ್ಚಿನ ಭಾಗ ರಸ್ಟ್ ಭಾಷೆಯಲ್ಲಿ ಬರೆದದ್ದು, ಪೂರ್ತಿ ಓಪನ್ ಸೋರ್ಸ್. ನಮ್ಮ ಕಡೆ ಇದರ ಹೆಸರು ಓಡಾಡಲು ಶುರುವಾದದ್ದು ಬ್ರಾಡ್‌ಕಾಮ್ ಕಂಪನಿ ವಿಎಂವೇರ್ (ಒಂದೇ ಸರ್ವರಿನಲ್ಲಿ ಹಲವು ವರ್ಚುವಲ್ ಮೆಷಿನ್, ಅಂದರೆ ವಿಎಂ, ಓಡಿಸುವ ಸಾಫ್ಟ್‌ವೇರಿನ ಕಂಪನಿ) ಕೊಂಡ ಮೇಲೆ. 2024ರ ಆರಂಭದಲ್ಲಿ ಅವರ ಆ ಸಾಫ್ಟ್‌ವೇರ್ ಇಎಸ್‌ಎಕ್ಸ್‌ಐನ ಉಚಿತ ಆವೃತ್ತಿ ನಿಲ್ಲಿಸಿದರು, ಲೈಸೆನ್ಸ್ ಚಂದಾ ಆಯಿತು, ಒಂದೋ ಎರಡೋ ಸರ್ವರ್ ಇಟ್ಟುಕೊಂಡವರು ಅದೇ ಕೆಲಸ ಮಾಡುವ ಪ್ರಾಕ್ಸ್‌ಮಾಕ್ಸ್ ವಿಇ ಕಡೆ ಬಂದರು. ಮುಂದಿನ ವರ್ಷ ಉಚಿತ ಆವೃತ್ತಿ ವಾಪಸ್ ಬಂತು ನಿಜ, ಆದರೆ ಬಂದವರು ತಿರುಗಿ ಹೋಗಲಿಲ್ಲ. ವಿಎಂಗಳು ಪ್ರಾಕ್ಸ್‌ಮಾಕ್ಸ್ ಮೇಲೆ ಇದ್ದರೆ ಬ್ಯಾಕಪ್‌ಗೆ ಪಿಬಿಎಸ್ ಹಾಕುವುದು ಸಹಜ. ಹಾಗಂತ ಒಂದೇ ಕಂಪನಿಯದ್ದು ಅನ್ನುವ ಕಾರಣಕ್ಕೆ ಹಾಕಬೇಡಿ. ಮುಂದಿನದನ್ನು ಓದಿ ನಿರ್ಧಾರ ಮಾಡಿ.

ಇದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪರ್ಮಿಷನ್ ವ್ಯವಸ್ಥೆ. ಕಸ್ಟಮರ್‌ನ ಸರ್ವರಿಗೆ ಒಂದು ಎಪಿಐ ಟೋಕನ್ (ಪಾಸ್‌ವರ್ಡ್ ಬದಲು ಬಳಸುವ ಗುಟ್ಟಿನ ಕೋಡ್) ಮಾಡಿಕೊಡುತ್ತೀರಿ, ಅದಕ್ಕೆ ಡೇಟಾಸ್ಟೋರ್‌ಬ್ಯಾಕಪ್ ಅನ್ನುವ ರೋಲ್ (ಹಕ್ಕುಗಳ ಕಟ್ಟು) ಮಾತ್ರ ಕೊಡುತ್ತೀರಿ. ಆ ಟೋಕನ್ ಹಿಡಿದವರು ಹೊಸ ಬ್ಯಾಕಪ್ ಹಾಕಬಹುದು, ತಮ್ಮದನ್ನು ರಿಸ್ಟೋರ್ ಮಾಡಬಹುದು. ಹಳೆಯದನ್ನು ಅಳಿಸಲು ಆಗುವುದಿಲ್ಲ. ಪಕ್ಕದಲ್ಲೇ ಡೇಟಾಸ್ಟೋರ್‌ಪವರ್‌ಯೂಸರ್ ಅನ್ನುವ ರೋಲ್ ಇದೆ, ಅದು ತನ್ನ ಬ್ಯಾಕಪ್ ಅಳಿಸಬಲ್ಲದು. ಅದನ್ನು ಕೊಡಬೇಡಿ. ಪಟ್ಟಿಯಲ್ಲಿ ಎರಡೂ ಒಟ್ಟೊಟ್ಟಿಗೆ ಕಾಣುತ್ತವೆ, ಅವಸರದಲ್ಲಿ ಪವರ್ ಅಂತ ನೋಡಿ ಅದನ್ನೇ ಒತ್ತುವವರು ಇದ್ದಾರೆ. ಇನ್ನೊಂದು ವಿಷಯ: ಪ್ರಾಕ್ಸ್‌ಮಾಕ್ಸ್ ವಿಇ ಕಡೆಯ ಬ್ಯಾಕಪ್ ಜಾಬ್‌ನಲ್ಲಿ ಹಳೆಯವನ್ನು ತೆಗೆಯುವ ನಿಯಮ ಹಾಕಿದ್ದರೆ ಈ ರೋಲ್ ಜೊತೆ ಅದು ಎರರ್ ಕೊಡುತ್ತದೆ. ಅಲ್ಲಿ ಎಲ್ಲ ಬ್ಯಾಕಪ್ ಉಳಿಸು ಅಂತ ಇಟ್ಟು, ತೆಗೆಯುವ ಕೆಲಸವನ್ನು ಪಿಬಿಎಸ್ ಕಡೆಯ ಪ್ರೂನ್ ಜಾಬ್‌ಗೆ ಬಿಡಬೇಕು.

ಪ್ರೂನ್ ಬಗ್ಗೆ ಒಂದು ಎಚ್ಚರಿಕೆ, ಇದನ್ನು ಹೇಳುವವರು ಕಡಿಮೆ. ಕೊನೆಯ 7 ಬ್ಯಾಕಪ್ ಮಾತ್ರ ಉಳಿಸು ಅಂತ ನಿಯಮ ಇಟ್ಟಿದ್ದೀರಿ ಅಂದುಕೊಳ್ಳಿ. ಕಸ್ಟಮರ್ ಸರ್ವರ್ ಹಿಡಿದ ದಾಳಿಕೋರನಿಗೆ ಅಳಿಸುವ ಹಕ್ಕು ಇಲ್ಲ. ಆದರೆ ಹಾಕುವ ಹಕ್ಕು ಇದೆಯಲ್ಲ? ಅವನು ಎನ್‌ಕ್ರಿಪ್ಟ್ ಆದ ಡಿಸ್ಕನ್ನೇ ಒಂದರ ಹಿಂದೆ ಒಂದು 7 ಸಲ ಬ್ಯಾಕಪ್ ಮಾಡಿದರೆ ನಿಮ್ಮ ಪ್ರೂನ್ ಜಾಬ್ ತಾನೇ ಒಳ್ಳೆಯ ಪ್ರತಿಗಳನ್ನು ಗುಡಿಸಿ ಹಾಕುತ್ತದೆ. ಆದ್ದರಿಂದ ಕೊನೆಯ ಇಷ್ಟು ಅನ್ನುವ ನಿಯಮದ ಬದಲು ದಿನಕ್ಕೊಂದು, ವಾರಕ್ಕೊಂದು, ತಿಂಗಳಿಗೊಂದು ಅನ್ನುವ ನಿಯಮ ಹಾಕಿ. ಆಗ ಒಂದೇ ದಿನ ಎಷ್ಟು ಕಸ ಸುರಿದರೂ ಅದು ಒಂದು ದಿನದ ಲೆಕ್ಕವೇ. ಪ್ರಾಕ್ಸ್‌ಮಾಕ್ಸ್‌ನವರೇ ಒಂದು ಪ್ರೂನ್ ಸಿಮ್ಯುಲೇಟರ್ ಕೊಟ್ಟಿದ್ದಾರೆ, ಯಾವ ನಿಯಮಕ್ಕೆ ಯಾವ ದಿನದ ಪ್ರತಿ ಉಳಿಯುತ್ತದೆ ಅಂತ ಪಟ್ಟಿಯಲ್ಲಿ ತೋರಿಸುತ್ತದೆ. ಕಸ್ಟಮರ್ ಜೊತೆ ಕೂತು ಅದನ್ನು ತೋರಿಸಿದರೆ ಅವರಿಗೂ ತಾವು ದುಡ್ಡು ಕೊಡುತ್ತಿರುವುದು ಯಾತಕ್ಕೆ ಅಂತ ಅರ್ಥವಾಗುತ್ತದೆ.

ಎರಡನೇ ಗಟ್ಟಿ ಅಂಶ ಸಿಂಕ್, ಅಂದರೆ ಒಂದು ಪಿಬಿಎಸ್‌ನ ಬ್ಯಾಕಪ್ ಇನ್ನೊಂದಕ್ಕೆ ನಕಲಾಗುವುದು. ಕಸ್ಟಮರ್ ಆಫೀಸಿನಲ್ಲಿ ಒಂದು ಪಿಬಿಎಸ್, ನಮ್ಮಲ್ಲಿ ಇನ್ನೊಂದು. ನಮ್ಮದು ಅಲ್ಲಿಂದ ಎಳೆದುಕೊಳ್ಳುತ್ತದೆ. ಎಳೆಯಲು ಅಲ್ಲಿ ಓದುವ ಹಕ್ಕು ಮಾತ್ರ ಸಾಕು, ಕಸ್ಟಮರ್ ಕಡೆ ನಮ್ಮ ಸರ್ವರಿನ ಯಾವ ಪಾಸ್‌ವರ್ಡೂ ಇರಬೇಕಾಗಿಲ್ಲ. ಅಂದರೆ ಅವರ ಜಾಗ ಹಾಳಾದರೆ ನಮ್ಮ ಪ್ರತಿ ಉಳಿಯುತ್ತದೆ. ನಮ್ಮ ಕಡೆಯ ಸಿಂಕ್ ಟೋಕನ್ ಸೋರಿದರೆ ಆ ಟೋಕನ್‌ನಿಂದ ಅವರ ಪ್ರತಿ ಅಳಿಸಲು ಆಗುವುದಿಲ್ಲ. ಅಲ್ಲಿ ಮಾಯವಾದದ್ದನ್ನು ಇಲ್ಲಿಯೂ ತೆಗೆ ಅನ್ನುವ ಒಂದು ಟಿಕ್ ಬಾಕ್ಸ್ ಇದೆ, ಅದನ್ನು ಖಾಲಿ ಬಿಡಿ. 2024ರ ಕೊನೆಯಲ್ಲಿ ಬಂದ 3.3 ಆವೃತ್ತಿಯಿಂದ ಈ ಕಡೆಯಿಂದ ಆ ಕಡೆಗೆ ತಳ್ಳುವ ಸಿಂಕ್ ಕೂಡ ಇದೆ. ಅನುಕೂಲ ಹೌದು, ಆದರೆ ತಳ್ಳುವವನ ಹತ್ತಿರ ಆ ಕಡೆಯ ಬರೆಯುವ ಹಕ್ಕು ಇರಬೇಕಾಗುತ್ತದೆ. ನನಗೆ ಎಳೆಯುವುದೇ ಸರಿ ಅನ್ನಿಸುತ್ತದೆ.

ಮೊದಲ ಸಿಂಕ್ ಮಾತ್ರ ನೆಟ್ ಮೇಲೆ ಬಿಡಬೇಡಿ. ತಾಲ್ಲೂಕು ಕೇಂದ್ರದ ಬ್ರಾಡ್‌ಬ್ಯಾಂಡ್ ಮೇಲೆ ಒಂದು ಟಿಬಿ ಕಳಿಸುತ್ತೇನೆ ಅಂತ ಕೂತರೆ ವಾರ ಕಳೆದು ಹೋಗುತ್ತದೆ. ನಮ್ಮ ಬಾಕ್ಸನ್ನೇ ಕಸ್ಟಮರ್ ಆಫೀಸಿಗೆ ಒಯ್ದು ಲ್ಯಾನ್ ಮೇಲೆ ಮೊದಲ ಪ್ರತಿ ತುಂಬಿಸಿಕೊಂಡು ವಾಪಸ್ ತರುವುದು ಒಳ್ಳೆಯದು. ಆಮೇಲೆ ದಿನಾ ಬದಲಾದ ತುಂಡುಗಳು ಮಾತ್ರ ಬರುತ್ತವೆ. ವಿಎಂ ಡಿಸ್ಕನ್ನು ಪಿಬಿಎಸ್ 4 ಎಂಬಿಯ ತುಂಡುಗಳಾಗಿ ಕತ್ತರಿಸಿ ಇಡುತ್ತದೆ, ಒಂದೇ ತರಹದ ತುಂಡು ಎರಡು ಸಲ ಇಡುವುದಿಲ್ಲ. ಅದಕ್ಕೇ ಒಂದು ತಿಂಗಳ ದಿನದಿನದ ಬ್ಯಾಕಪ್ ಇಟ್ಟರೂ ಜಾಗ ನೀವು ಅಂದುಕೊಂಡಷ್ಟು ತಿನ್ನುವುದಿಲ್ಲ.

ಎನ್‌ಕ್ರಿಪ್ಷನ್ ಆನ್ ಮಾಡಿದರೆ ಅದು ಕಳಿಸುವ ಕಡೆಯೇ ಆಗುತ್ತದೆ, ಎಇಎಸ್ 256 ಅನ್ನುವ ಪದ್ಧತಿಯಲ್ಲಿ. ಕೀ ಕಸ್ಟಮರ್‌ನ ಪ್ರಾಕ್ಸ್‌ಮಾಕ್ಸ್ ಸರ್ವರಿನಲ್ಲಿ ಇರುತ್ತದೆ, ನಮ್ಮ ಪಿಬಿಎಸ್‌ಗೆ ಒಳಗೇನಿದೆ ಅಂತ ಕಾಣುವುದಿಲ್ಲ. ಆಸ್ಪತ್ರೆ, ಸಹಕಾರಿ ಸಂಘದಂಥ ಕಡೆ ಇದು ದೊಡ್ಡ ನೆಮ್ಮದಿ. ಆದರೆ ಆ ಸರ್ವರ್ ಸುಟ್ಟು ಹೋದರೆ ಕೀ ಕೂಡ ಹೋಗುತ್ತದೆ, ಕೀ ಹೋದರೆ ಬ್ಯಾಕಪ್ ಇದ್ದೂ ಇಲ್ಲದಂತೆ. ಇದಕ್ಕೆ ಪಿಬಿಎಸ್ ಕ್ಲೈಂಟ್‌ನಲ್ಲಿ ಪೇಪರ್‌ಕೀ ಅನ್ನುವ ಕಮಾಂಡ್ ಇದೆ. ಕೀಯನ್ನು ಅಕ್ಷರವಾಗಿಯೂ ಕ್ಯುಆರ್ ಕೋಡ್ ಆಗಿಯೂ ಪ್ರಿಂಟ್ ಮಾಡಲು ಬರುವ ಹಾಗೆ ಕೊಡುತ್ತದೆ. ಎರಡು ಪ್ರಿಂಟ್ ತೆಗೆಯಿರಿ, ಲಕೋಟೆಗೆ ಹಾಕಿ ಸೀಲ್ ಮಾಡಿ, ಒಂದು ಮಾಲೀಕರ ಲಾಕರಿಗೆ, ಒಂದು ನಿಮ್ಮ ಲಾಕರಿಗೆ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಬೇಡಿ, ದಯವಿಟ್ಟು. ಇನ್ನೊಂದು ಪರಿಣಾಮವೂ ಇದೆ: ಕೀ ಬೇರೆ ಬೇರೆ ಆದಾಗ ಒಬ್ಬ ಕಸ್ಟಮರ್‌ನ ತುಂಡು ಇನ್ನೊಬ್ಬರ ತುಂಡಿಗೆ ಹೊಂದುವುದಿಲ್ಲ, ಹಾಗಾಗಿ ಎಲ್ಲರ ವಿಂಡೋಸ್ ಒಂದೇ ಆದರೂ ಜಾಗ ಉಳಿಯುವುದಿಲ್ಲ. ಒಬ್ಬೊಬ್ಬರಿಗೂ ಬೇರೆ ಕೀ ಕೊಟ್ಟು ಡಿಸ್ಕ್ ಜಾಸ್ತಿ ಕೊಳ್ಳಿ. ಅಲ್ಲಿ ಉಳಿತಾಯ ಬೇಡ.

ಇನ್ನು ರಿಸ್ಟೋರ್. ಇಡೀ ಸರ್ವರ್ ವಾಪಸ್ ತರುವ ಪ್ರಸಂಗ ಅಪರೂಪ, ದಿನನಿತ್ಯ ಬರುವ ಫೋನ್ ಬೇರೆ. "ಸರ್, ಟ್ಯಾಲಿ ಓಪನ್ ಆಗ್ತಾ ಇಲ್ಲ, ನಿನ್ನೆ ಸಂಜೆವರೆಗೂ ಸರಿ ಇತ್ತು." ಇಂಥ ಹೊತ್ತಿಗೆ ಪ್ರಾಕ್ಸ್‌ಮಾಕ್ಸ್ ವಿಇ ಪರದೆಯಲ್ಲಿ ನಿನ್ನೆ ರಾತ್ರಿಯ ಬ್ಯಾಕಪ್ ಆರಿಸಿ ಫೈಲ್ ರಿಸ್ಟೋರ್ ಒತ್ತಿ. ಹಿಂದೆ ಒಂದು ಪುಟಾಣಿ ವಿಎಂ ಎದ್ದು ಆ ಡಿಸ್ಕನ್ನು ಓದುತ್ತದೆ, ಅದಕ್ಕೆ ಕೆಲವು ಸೆಕೆಂಡ್ ಹಿಡಿಯುತ್ತದೆ. ಆಮೇಲೆ ಡಿಸ್ಕ್, ಪಾರ್ಟಿಷನ್, ಫೋಲ್ಡರ್ ಅಂತ ಮರದ ಹಾಗೆ ಬಿಚ್ಚಿಕೊಳ್ಳುತ್ತದೆ. ಟ್ಯಾಲಿಯ ಡೇಟಾ ಫೋಲ್ಡರ್ ಒಳಗೆ ಕಂಪನಿಗೊಂದು ನಂಬರಿನ ಫೋಲ್ಡರ್ ಇರುತ್ತದಲ್ಲ, 10000, 10001 ಅಂತ, ಬೇಕಾದ ಅದೊಂದನ್ನೇ ಜಿಪ್ ಆಗಿ ಇಳಿಸಿಕೊಳ್ಳಬಹುದು. 500 ಜಿಬಿ ಡಿಸ್ಕ್ ಎಳೆಯಬೇಕಾಗಿಲ್ಲ. ಅಕೌಂಟೆಂಟ್ ಮೇಡಂ ಕಾಫಿ ಮುಗಿಸುವಷ್ಟರಲ್ಲಿ ಫೋಲ್ಡರ್ ಅವರ ಮುಂದೆ ಇರುತ್ತದೆ. ಇಡೀ ವಿಎಂ ಬೇಕಾದಾಗ ಲೈವ್ ರಿಸ್ಟೋರ್ ಇದೆ: ಡೇಟಾ ಇನ್ನೂ ಬರುತ್ತಿರುವಾಗಲೇ ಮೆಷಿನ್ ಚಾಲೂ ಆಗುತ್ತದೆ. ನಿಧಾನ, ಆದರೆ ಬಿಲ್ಲಿಂಗ್ ಕೌಂಟರಿನ ಮುಂದೆ ಜನ ನಿಂತಿರುವಾಗ ನಿಧಾನವಾಗಿ ಓಡುವ ಸರ್ವರ್ ಕೂಡ ದೇವರು.

ಈಗ ತೊಂದರೆಗಳು. ಮೊದಲನೆಯದು ಡಿಸ್ಕ್ ವೇಗ. ಹಳೆಯ ಹಾರ್ಡ್‌ಡಿಸ್ಕ್ ಹಾಕಿ ಪಿಬಿಎಸ್ ಓಡಿಸಿದರೆ ದಿನದ ಬ್ಯಾಕಪ್ ಹೇಗೋ ಆಗುತ್ತದೆ, ಆದರೆ ವೆರಿಫೈ (ತುಂಡುಗಳು ಕೆಟ್ಟಿಲ್ಲವಾ ಅಂತ ನೋಡುವುದು) ಮತ್ತು ಗಾರ್ಬೇಜ್ ಕಲೆಕ್ಷನ್ (ಯಾವ ಬ್ಯಾಕಪ್‌ಗೂ ಬೇಡವಾದ ತುಂಡುಗಳನ್ನು ಅಳಿಸುವುದು) ಹೊತ್ತಿಗೆ ಪ್ರಾಣ ಹಿಂಡುತ್ತದೆ. ಲಕ್ಷಗಟ್ಟಲೆ ಸಣ್ಣ ಫೈಲುಗಳು 65,536 ಫೋಲ್ಡರ್‌ಗಳಲ್ಲಿ ಹರಡಿ ಕೂತಿರುತ್ತವೆ, ಡಿಸ್ಕಿನ ತಲೆ ಅಲ್ಲಿಂದಿಲ್ಲಿಗೆ ಓಡಾಡಿಯೇ ಸುಸ್ತು. ಎಸ್‌ಎಸ್‌ಡಿ ಹಾಕಿ. ಬಜೆಟ್ ಇಲ್ಲವೆಂದರೆ ಝಡ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್ ಮಾಡಿ ಮೆಟಾಡೇಟಾಗೆ (ಫೈಲುಗಳ ವಿವರದ ಪಟ್ಟಿಗೆ) ಮಾತ್ರ ಎರಡು ಎಸ್‌ಎಸ್‌ಡಿ ಮಿರರ್ ಕೊಡಿ, ಅದರಿಂದ ಗಾರ್ಬೇಜ್ ಕಲೆಕ್ಷನ್ ಬಹಳ ಹಗುರಾಗುತ್ತದೆ. ಮೂಲೆಯಲ್ಲಿ ಬಿದ್ದಿರುವ ನ್ಯಾಸ್ (ನೆಟ್‌ವರ್ಕಿಗೆ ಸೇರಿಸಿದ ಸ್ಟೋರೇಜ್ ಬಾಕ್ಸ್) ಮೇಲೆ ನೆಟ್‌ವರ್ಕ್ ಫೋಲ್ಡರ್ ಮಾಡಿ ಡೇಟಾಸ್ಟೋರ್, ಅಂದರೆ ಪಿಬಿಎಸ್ ಬ್ಯಾಕಪ್ ಇಡುವ ಜಾಗ, ಅಲ್ಲಿ ಇಡುವ ಆಸೆ ಬರುತ್ತದೆ. ಬೇಡ.

ಬ್ಯಾಕಪ್ ನಡೆಯುವಾಗ ವಿಎಂ ಎಳೆಯುವುದು ಎರಡನೆಯ ತೊಂದರೆ. ಹಳೆಯ ತುಂಡನ್ನು ಪಿಬಿಎಸ್‌ಗೆ ಕಳಿಸಿದ ಮೇಲೆಯೇ ಹೊಸದನ್ನು ಬರೆಯಲು ಬಿಡುವ ಪದ್ಧತಿ ಅದು, ಪಿಬಿಎಸ್ ನಿಧಾನವಾದರೆ ಒಳಗಿನ ಸಾಫ್ಟ್‌ವೇರ್ ಕೂಡ ಕಾಯುತ್ತಾ ನಿಲ್ಲುತ್ತದೆ. 2024ರಲ್ಲಿ ಪ್ರಾಕ್ಸ್‌ಮಾಕ್ಸ್ ವಿಇ 8.2 ಜೊತೆ ಫ್ಲೀಸಿಂಗ್ ಅನ್ನುವ ಸೌಲಭ್ಯ ಬಂತು, ಹಳೆಯ ತುಂಡನ್ನು ಮೊದಲು ಅದೇ ಮೆಷಿನ್ನಿನ ಡಿಸ್ಕಿನಲ್ಲಿ ಇಟ್ಟುಕೊಂಡು ಆಮೇಲೆ ಕಳಿಸುತ್ತದೆ. ಅದನ್ನು ಆನ್ ಮಾಡಿ. ನಮ್ಮೂರುಗಳಿಗೆ ಸಂಬಂಧಿಸಿದ ಇನ್ನೊಂದು ಮಾತು: ಯಾವ ತುಂಡು ಬದಲಾಗಿದೆ ಅನ್ನುವ ಲೆಕ್ಕ ಓಡುತ್ತಿರುವ ವಿಎಂನ ಮೆಮೊರಿಯಲ್ಲಿ ಇರುತ್ತದೆ. ಕರೆಂಟ್ ಹೋಗಿ, ಯುಪಿಎಸ್ ಕೈಕೊಟ್ಟು ಸರ್ವರ್ ಬಿದ್ದರೆ ಆ ಲೆಕ್ಕವೂ ಹೋಗುತ್ತದೆ. ಮುಂದಿನ ಬ್ಯಾಕಪ್ ಇಡೀ ಡಿಸ್ಕ್ ಓದಬೇಕು. ಕಳಿಸುವುದು ಹೊಸದನ್ನು ಮಾತ್ರ, ಆದರೂ ಓದುವುದಕ್ಕೇ ಗಂಟೆಗಟ್ಟಲೆ ಹಿಡಿಯಬಹುದು. ಮಾರನೇ ದಿನ ಬ್ಯಾಕಪ್ ಯಾಕೆ ಇನ್ನೂ ಮುಗಿದಿಲ್ಲ ಅಂತ ಗಾಬರಿ ಬೀಳುವ ಮೊದಲು ಸರ್ವರಿನ ಅಪ್‌ಟೈಮ್ ನೋಡಿ.

ವೆರಿಫೈ ಆಯಿತು ಅಂದರೆ ರಿಸ್ಟೋರ್ ಆಗುತ್ತದೆ ಅಂತ ನಂಬಿಕೊಂಡವರನ್ನು ನೋಡಿದ್ದೇನೆ. ಪಿಬಿಎಸ್ ವೆರಿಫೈ ನೋಡುವುದು ಡಿಸ್ಕಿನ ಮೇಲಿರುವ ತುಂಡುಗಳು ಕೆಟ್ಟಿಲ್ಲವಾ ಅಂತ ಮಾತ್ರ. ಒಳಗಿನ ವಿಂಡೋಸ್ ಬೂಟ್ ಆಗುತ್ತದಾ, ಡೇಟಾಬೇಸ್ ತೆರೆಯುತ್ತದಾ ಅಂತ ಅದಕ್ಕೆ ಗೊತ್ತಿಲ್ಲ. ವೀಮ್ ಅನ್ನುವ ಇನ್ನೊಂದು ಬ್ಯಾಕಪ್ ಸಾಫ್ಟ್‌ವೇರಿನ ದುಡ್ಡಿನ ಆವೃತ್ತಿಯಲ್ಲಿ ಶ್ಯೂರ್‌ಬ್ಯಾಕಪ್ ಅಂತ ಇದೆ, ಬ್ಯಾಕಪ್‌ನಿಂದ ವಿಎಂ ಎಬ್ಬಿಸಿ ಪರೀಕ್ಷೆ ಮಾಡಿ ಮುಚ್ಚುತ್ತದೆ. ಪಿಬಿಎಸ್‌ನಲ್ಲಿ ಅಂಥದ್ದು ತಯಾರಾಗಿ ಸಿಗುವುದಿಲ್ಲ, ನಾವೇ ಮಾಡಬೇಕು. ಯಾವ ನೆಟ್‌ವರ್ಕ್ ಕಾರ್ಡಿಗೂ ಸೇರಿಸದ ಒಂದು ಬ್ರಿಡ್ಜ್ (ವಿಎಂಗಳ ಒಳ ನೆಟ್‌ವರ್ಕ್) ಮಾಡಿ, ತಿಂಗಳಿಗೊಮ್ಮೆ ಒಂದು ವಿಎಂ ಅದರ ಮೇಲೆ ರಿಸ್ಟೋರ್ ಮಾಡಿ, ಲಾಗಿನ್ ಆಗಿ, ಟ್ಯಾಲಿ ತೆರೆದು ಕೊನೆಯ ವೋಚರ್ ದಿನಾಂಕ ನೋಡಿ. ಸ್ಕ್ರೀನ್‌ಶಾಟ್ ತೆಗೆದು ಕಸ್ಟಮರ್‌ಗೆ ಕಳಿಸಿ. ಗಿಟ್‌ಲ್ಯಾಬ್ ಕಂಪನಿಯ ಕಥೆ ಗೊತ್ತಿರಬೇಕಲ್ಲ? 2017ರ ಜನವರಿ 31ರಂದು ಮುಖ್ಯ ಡೇಟಾಬೇಸ್ ಅಳಿಸಿ ಹೋದಾಗ ದಿನದ ಬ್ಯಾಕಪ್ ಹುಡುಕಿದರೆ ಅದು ಎಂದೋ ನಿಂತಿತ್ತು, ಆವೃತ್ತಿ ಹೊಂದಾಣಿಕೆ ಇಲ್ಲದೆ. ಫೇಲ್ ಆಗಿದೆ ಅಂತ ಹೊರಟ ಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆ ಒಬ್ಬ ಎಂಜಿನಿಯರ್ ತೆಗೆದಿಟ್ಟ ಸ್ನ್ಯಾಪ್‌ಶಾಟ್ (ಆ ಕ್ಷಣದ ಪ್ರತಿ) ಅವರನ್ನು ಕಾಪಾಡಿತು. ಅದಕ್ಕೇ ಫೇಲ್ ಮೇಲ್ ಬರಲಿಲ್ಲ ಅಂತ ನಿಶ್ಚಿಂತೆಯಿಂದ ಇರಬೇಡಿ, ಪ್ರತಿ ಕಸ್ಟಮರ್‌ನ ಕೊನೆಯ ಬ್ಯಾಕಪ್ ದಿನಾಂಕವನ್ನು ಬೆಳಗ್ಗೆ ಕಣ್ಣಾರೆ ನೋಡಿ.

ಯಾರಿಗೆ ಇದು ಸಾಲುವುದಿಲ್ಲ? ವಿಂಡೋಸ್ ಪಿಸಿಗಳೇ ಜಾಸ್ತಿ ಇರುವವರಿಗೆ. ವಿಂಡೋಸ್‌ಗೆ ಅಧಿಕೃತ ಪಿಬಿಎಸ್ ಕ್ಲೈಂಟ್ ಇಲ್ಲ. ನಾಲ್ಕು ಪಿಸಿ, ಒಂದು ಪಿಸಿಯಲ್ಲೇ ಟ್ಯಾಲಿ ಅನ್ನುವ ಆಫೀಸಿಗೆ ವೀಮ್‌ನ ಉಚಿತ ವಿಂಡೋಸ್ ಏಜೆಂಟ್ ಅಥವಾ ಅರ್‌ಬ್ಯಾಕಪ್ ನೋಡಿ. ಮೈಕ್ರೋಸಾಫ್ಟ್ 365, ಗೂಗಲ್ ವರ್ಕ್‌ಸ್ಪೇಸ್ ಮೇಲ್‌ಗಳನ್ನೂ ಪಿಬಿಎಸ್ ಮುಟ್ಟುವುದಿಲ್ಲ. ಎಸ್‌ಕ್ಯೂಎಲ್ ಡೇಟಾಬೇಸನ್ನು ಮಧ್ಯಾಹ್ನ 3.10ರ ಸ್ಥಿತಿಗೇ ವಾಪಸ್ ತರಬೇಕು ಅಂದರೆ ಡೇಟಾಬೇಸಿನದ್ದೇ ಲಾಗ್ ಬ್ಯಾಕಪ್ ಬೇರೆ ಮಾಡಿಕೊಳ್ಳಬೇಕು. ಕಸ್ಟಮರ್‌ಗಳನ್ನೆಲ್ಲ ಒಂದೇ ಪ್ಯಾನೆಲ್‌ನಲ್ಲಿ ಬೇರೆ ಬೇರೆ ಖಾತೆಯಾಗಿ ಇಟ್ಟು, ತಿಂಗಳ ಬಳಕೆ ಲೆಕ್ಕ ತೆಗೆದು, ಅದೇ ಏಜೆಂಟ್‌ನಲ್ಲಿ ಆಂಟಿವೈರಸ್ ಕೂಡ ಬೇಕು ಅಂದರೆ ಅದಕ್ಕೆಂದೇ ಮಾಡಿದ್ದು ಅಕ್ರೋನಿಸ್ ಸೈಬರ್ ಪ್ರೊಟೆಕ್ಟ್ ಕ್ಲೌಡ್. ಪಿಬಿಎಸ್‌ನಲ್ಲಿ ನೇಮ್‌ಸ್ಪೇಸ್ (ಒಳಗೇ ಬೇರೆ ಬೇರೆ ಖಾನೆ) ಮಾಡಿ ಕಸ್ಟಮರ್‌ಗಳನ್ನು ಬೇರ್ಪಡಿಸಬಹುದು, ಆದರೆ ಬಿಲ್ ಮಾಡುವ ಕೆಲಸ ನಿಮ್ಮ ಎಕ್ಸೆಲ್ ಶೀಟಿಗೇ.

ಪಿಬಿಎಸ್ ಹಾಕಿದ ಮಾತ್ರಕ್ಕೆ ಕೋಟೆ ಕಟ್ಟಿದ ಹಾಗಲ್ಲ. ಬ್ಯಾಕಪ್ ಸರ್ವರ್ ತಾನೇ ಗುರಿ ಈಗ. 2024ರ ಸೆಪ್ಟೆಂಬರ್‌ನಲ್ಲಿ ವೀಮ್ ಬ್ಯಾಕಪ್‌ನಲ್ಲಿ 10ಕ್ಕೆ 9.8 ತೀವ್ರತೆಯ ಒಂದು ದೋಷಕ್ಕೆ ಪ್ಯಾಚ್ ಬಂತು, ಕೆಲವೇ ವಾರಗಳಲ್ಲಿ ಅಕೀರಾ, ಫಾಗ್ ರಾನ್ಸಮ್‌ವೇರ್ ಗುಂಪುಗಳು ಪ್ಯಾಚ್ ಹಾಕದವರನ್ನು ಅದರಿಂದಲೇ ಹೊಡೆದವು. ವೀಮ್ ಕೆಟ್ಟದ್ದು ಅಂತ ಇದರ ಅರ್ಥವಲ್ಲ, ಯಾವುದಕ್ಕೂ ಆಗಬಹುದು. ಪಿಬಿಎಸ್‌ನ 8007 ಪೋರ್ಟ್ ಇಂಟರ್ನೆಟ್ಟಿಗೆ ತೆರೆದಿಡಬೇಡಿ, ವೈರ್‌ಗಾರ್ಡ್ ಅನ್ನುವ ವಿಪಿಎನ್ ಒಳಗೆ ಇಡಿ. ಎರಡನೇ ಹಂತದ ಲಾಗಿನ್ ಆನ್ ಮಾಡಿ. ಸರ್ವರಿನ ಪೂರ್ತಿ ಅಧಿಕಾರ ಇರುವ ರೂಟ್ ಖಾತೆಯ ಪಾಸ್‌ವರ್ಡ್ ಸಿಕ್ಕವರು ಏನು ಬೇಕಾದರೂ ಅಳಿಸಬಹುದು, ಅಲ್ಲಿ ಯಾವ ರೋಲೂ ಕಾಯುವುದಿಲ್ಲ. ಆದ್ದರಿಂದ ಮೂರನೇ ಪ್ರತಿ ಕೈಯಲ್ಲಿ ಹಿಡಿಯುವಂಥದ್ದು ಇರಲಿ. 3.3ರಿಂದ ತೆಗೆಯಬಹುದಾದ ಯುಎಸ್‌ಬಿ ಡಿಸ್ಕನ್ನೇ ಡೇಟಾಸ್ಟೋರ್ ಮಾಡಬಹುದು: ಚುಚ್ಚಿದರೆ ಸಿಂಕ್ ಆಗುವ ಹಾಗೆ ಹೊಂದಿಸಬಹುದು, ಕಿತ್ತು ಬೀರುವಿನಲ್ಲಿ ಇಡಬಹುದು. ಬೀರುವಿನಲ್ಲಿರುವ ಡಿಸ್ಕನ್ನು ಯಾವ ಹ್ಯಾಕರ್ ಕೂಡ ಮುಟ್ಟಲಾರ.

ನಮ್ಮ ಸಹಕಾರಿ ಸಂಘಗಳ ಆಡಳಿತ ಮಂಡಳಿಯವರಿಗೆ ಇದೆಲ್ಲ ಯಾಕೆ ಅಂತ ಹೇಳಬೇಕಾದರೆ 2024ರ ಜುಲೈ ಕೊನೆಯ ದಿನ ನೆನಪಿಸಿ. ಸಿ-ಎಡ್ಜ್ ಅನ್ನುವ ತಾಂತ್ರಿಕ ಸೇವಾ ಕಂಪನಿಗೆ ರಾನ್ಸಮ್‌ವೇರ್ ತಗುಲಿ, ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ ಆ ಕಂಪನಿಯನ್ನು ಪಾವತಿ ಜಾಲದಿಂದ ಬೇರ್ಪಡಿಸಿತು. ದೇಶದ ಸುಮಾರು 300 ಸಣ್ಣ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ನಿಂತಿತು. ಆ ಬ್ಯಾಂಕುಗಳು ನಿಂತದ್ದು ಸೇವೆ ಕೊಡುವವರ ಕಡೆ ತೊಂದರೆ ಆಗಿದ್ದಕ್ಕೆ, ನಾವೂ ಸೇವೆ ಕೊಡುವವರೇ. ಜೊತೆಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಇಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು (ಸರ್ವರಿನಲ್ಲಿ ನಡೆದದ್ದರ ದಾಖಲೆ) 180 ದಿನ ಇಟ್ಟಿರಬೇಕು. ದಾಳಿ ಆದ ಸರ್ವರಿನಲ್ಲೇ ಲಾಗ್ ಇದ್ದರೆ ಏನು ತೋರಿಸುತ್ತೀರಿ? ಲಾಗ್ ಫೋಲ್ಡರನ್ನೂ ಬ್ಯಾಕಪ್‌ಗೆ ಸೇರಿಸಿ, ಪ್ರೂನ್ ನಿಯಮದಲ್ಲಿ ಆರು ತಿಂಗಳ ಪ್ರತಿ ಉಳಿಯುವ ಹಾಗೆ ನೋಡಿಕೊಳ್ಳಿ.

ದುಡ್ಡಿನ ವಿಷಯ. ಸಾಫ್ಟ್‌ವೇರ್ ಉಚಿತ, ಯಾವ ಫೀಚರಿಗೂ ಬೀಗ ಇಲ್ಲ. ಚಂದಾ ಕಟ್ಟದಿದ್ದರೆ ಲಾಗಿನ್ ಆದಾಗ ಒಂದು ಸೂಚನೆ ಬರುತ್ತದೆ, ಅಪ್‌ಡೇಟ್‌ಗಳು ಅಷ್ಟಾಗಿ ಪರೀಕ್ಷೆ ಆಗದ ಇನ್ನೊಂದು ರೆಪೊಸಿಟರಿಯಿಂದ ಬರುತ್ತವೆ. ಚಂದಾ ಪ್ರತಿ ಸರ್ವರಿಗೆ ವರ್ಷಕ್ಕೆ ಇಷ್ಟು ಅಂತ, ವಿಎಂ ಎಷ್ಟು, ಟಿಬಿ ಎಷ್ಟು ಅಂತ ಎಣಿಸುವುದಿಲ್ಲ. ಕಸ್ಟಮರ್ ಬೆಳೆದ ಹಾಗೆ ಲೈಸೆನ್ಸ್ ಬೆಳೆಯುವುದಿಲ್ಲ ಅನ್ನುವುದು ನಮ್ಮಂಥವರಿಗೆ ಬಹಳ ದೊಡ್ಡ ಮಾತು. ಕಸ್ಟಮರ್‌ಗಳ ಡೇಟಾ ಇಡುವ ಮುಖ್ಯ ಸರ್ವರಿಗಾದರೂ ಚಂದಾ ಕಟ್ಟಿ ಅಂತ ಹೇಳುತ್ತೇನೆ, ಮಾಡಿದವರಿಗೂ ಊಟ ಬೇಕಲ್ವಾ. ಕೆಳಗಿನ ಚಂದಾದಲ್ಲಿ ಸಪೋರ್ಟ್ ಟಿಕೆಟ್ ಇಲ್ಲ, ಮೇಲಿನವುಗಳಲ್ಲಿ ಇದೆ, ಅದೂ ಆಸ್ಟ್ರಿಯಾದ ಕೆಲಸದ ಹೊತ್ತಿನಲ್ಲಿ. ಅವರಿಗೆ ಬೆಳಗಾಗುವಷ್ಟರಲ್ಲಿ ನಮಗೆ ಮಧ್ಯಾಹ್ನ ಹತ್ತಿರ. ಲಿನಕ್ಸ್ ಗೊತ್ತಿರುವ ಒಬ್ಬರಾದರೂ ನಿಮ್ಮ ತಂಡದಲ್ಲಿ ಇಲ್ಲದಿದ್ದರೆ ಇದನ್ನು ಕೈಗೆತ್ತಿಕೊಳ್ಳಬೇಡಿ.

ಹೊಸದಾಗಿ ಹಾಕುವವರು 4.0 ಅಥವಾ ಅದರ ಮೇಲಿನದನ್ನೇ ಹಾಕಿ, ಅದು 2025ರ ಆಗಸ್ಟ್‌ನಲ್ಲಿ ಬಂತು. ಅದರಲ್ಲಿ ಎಸ್3 ಕ್ಲೌಡ್ ಸ್ಟೋರೇಜ್ ಮೇಲೆ ನೇರವಾಗಿ ಡೇಟಾಸ್ಟೋರ್ ಇಡುವ ಸೌಲಭ್ಯ ಸೇರಿದೆ. 4.0ರಲ್ಲಿ ಅದನ್ನು ಅವರೇ ಟೆಕ್ನಾಲಜಿ ಪ್ರಿವ್ಯೂ (ಇನ್ನೂ ಪ್ರಯೋಗದ ಹಂತದ್ದು) ಅಂತ ಕೊಟ್ಟಿದ್ದು, ಹಾಗಾಗಿ ನಾಲ್ಕನೇ ಪ್ರತಿಗೆ ಬೇಕಾದರೆ ಬಳಸಿ ನೋಡಿ. ಯಾವ ಕಸ್ಟಮರ್‌ನ ಡೇಟಾ ಇನ್ನೆಲ್ಲೂ ಇಲ್ಲವೋ ಅದನ್ನು ಮಾತ್ರ ಅಲ್ಲಿ ಇಡಬೇಡಿ.